ಎರಡು ತಟ್ಟೆಗಳ ನಡುವೆ ಪದರಕ್ಕ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪದರಕ್ಕನ ಹಣೆಬರಹ ತೀರ್ಮಾನವಾಗಬೇಕಿತ್ತು. ತೀರ್ಮಾನ ಮಾಡುವವರು ನ್ಯಾಯಾಧೀಶರಲ್ಲ, ವೈದ್ಯರಲ್ಲ. ಕೆಫೆಗೆ ದಿನಾ ಬಂದು ಕಾಫಿ ಕುಡಿದು ಹೋಗುವ ಹತ್ತು ಮಂದಿ ಗಿರಾಕಿಗಳು. ಅವರ ಮುಂದೆ ಎರಡೆರಡು ತಟ್ಟೆ ಇಡುತ್ತಾರೆ, ಒಂದು ನೀಲಿ, ಇನ್ನೊಂದು ಬಿಳಿ. ಒಂದರಲ್ಲಿ ಪದರಕ್ಕ ಕೈಯಾರೆ ಮಾಡಿದ ಕ್ರೊಸಾಂ, ಇನ್ನೊಂದರಲ್ಲಿ ಫ್ರಾನ್ಸಿನ ಕಾರ್ಖಾನೆಯಿಂದ ಹಿಮಗಟ್ಟಿ ಡಬ್ಬಿಯಲ್ಲಿ ಬಂದ ಕ್ರೊಸಾಂ. ಯಾವುದು ಈ ಮನೆಯದು ಎಂದು ಹತ್ತರಲ್ಲಿ ಆರು ಮಂದಿ ಗುರುತು ಹಿಡಿದರೆ ಕೆಫೆಯ ಹಿಂದಿನ ಒಲೆಕೋಣೆ ಉಳಿಯುತ್ತದೆ, ಕೋಣೆಯ ಜೊತೆಗೆ ಪದರಕ್ಕನೂ ಉಳಿಯುತ್ತಾಳೆ. ಇಲ್ಲವಾದರೆ ಗೋಡೆ ಒಡೆದು ಅಲ್ಲಿ ಆರು ಮೇಜು ಹಾಕುತ್ತಾರೆ.

ಕ್ರೊಸಾಂ ತಿನ್ನದವರಿಗಾಗಿ ಎರಡು ಮಾತು. ನೋಡುವುದಕ್ಕೆ ಅದು ಬಿದಿಗೆ ಚಂದ್ರನ ಹಾಗೆ ಬಾಗಿದ ಒಂದು ಬೇಕರಿ ತಿಂಡಿ, ಅಷ್ಟೇ. ಆದರೆ ಅದರ ಹೊಟ್ಟೆಯೊಳಗೆ ಇಪ್ಪತ್ತೇಳು ಪದರ ಬೆಣ್ಣೆ ಇರುತ್ತದೆ. ಮೈದಾ ಕಣಕವನ್ನು ಲಟ್ಟಿಸಿ, ನಡುವೆ ಬೆಣ್ಣೆಯ ಹಾಳೆ ಇಟ್ಟು, ಮೂರು ಮಡಿಕೆ ಮಡಿಸಿ, ತಣ್ಣಗೆ ಮಲಗಿಸಿ, ಮತ್ತೆ ಲಟ್ಟಿಸಿ ಮತ್ತೆ ಮಡಿಸಬೇಕು. ಹೀಗೆ ಮೂರು ಸಲ. ಬೆಣ್ಣೆ ಕೊಂಚ ಬೆಚ್ಚಗಾಯಿತೋ, ಕಣಕದೊಳಗೆ ಕರಗಿ ಮಾಯ. ಕೊಂಚ ಹೆಚ್ಚು ತಣ್ಣಗಾಯಿತೋ, ಒಳಗೊಳಗೇ ಚೂರುಚೂರು. ಎರಡೂ ಒಂದೇ ಹದದಲ್ಲಿರುವ ಗಳಿಗೆ ಸಿಗುವುದು ನಾಲ್ಕೈದು ನಿಮಿಷ ಮಾತ್ರ. ಆ ಗಳಿಗೆಯನ್ನು ಹದಿನೆಂಟು ವರ್ಷ ಬಿಡದೆ ಹಿಡಿದವಳು ಎಂದೇ ಅವಳಿಗೆ ಪದರಕ್ಕ ಎಂಬ ಹೆಸರು ಅಂಟಿಕೊಂಡದ್ದು. ಹೆತ್ತವರಿಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಕೂತಿದೆ, ಯಾರಿಗೂ ಬೇಕಾಗಿಲ್ಲ.

ಅವಳು ಈ ಕೆಫೆಗೆ ಬಂದದ್ದು ಕಪ್ಪು ಬಸಿ ತೊಳೆಯುವುದಕ್ಕೆ. ಆಗ ಒಲೆಕೋಣೆಯಲ್ಲಿ ಒಬ್ಬ ಮುದಿ ಮೇಸ್ತ್ರಿ ಇದ್ದ. ಫ್ರಾನ್ಸಿನವನು, ಪ್ರಾಯದಲ್ಲಿ ಹಡಗಿನ ಅಡುಗೆಯವನಾಗಿ ಬಂದು, ಇಲ್ಲಿಯ ಹೆಣ್ಣನ್ನು ಮದುವೆಯಾಗಿ, ಇಲ್ಲೇ ಬೇರು ಬಿಟ್ಟವನು. ನಮ್ಮ ಮಾತಿನಲ್ಲಿ ಅವನಿಗೆ ಬರುತ್ತಿದ್ದದ್ದು ನಲವತ್ತು ಶಬ್ದ, ಅದರಲ್ಲಿ ಮೂವತ್ತು ಬೈಗುಳ. ಒಂದು ದಿನ ಅವನ ಸಹಾಯಕ ಕೈಕೊಟ್ಟಾಗ, ತಣ್ಣೀರಿನಲ್ಲಿ ಕಪ್ಪು ತೊಳೆಯುತ್ತಿದ್ದ ಇವಳ ಕೈಯನ್ನು ಥಟ್ಟನೆ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡು ನೋಡಿದ. ಇವಳು ಗಾಬರಿಯಿಂದ ಕೂಗಿಕೊಳ್ಳುವುದೊಂದು ಬಾಕಿ. ಅವನು ಅಷ್ಟಕ್ಕೇ ಬಿಟ್ಟು, "ತಣ್ಣಗೆ, ಒಳ್ಳೇದು," ಎಂದು ಲಟ್ಟಣಿಗೆಯನ್ನು ಅದೇ ಕೈಗೆ ಕೊಟ್ಟ. ಬಿಸಿ ಕೈಯವರು ಮುಟ್ಟಿದರೆ ಬೆಣ್ಣೆ ಕರಗುತ್ತದೆ. ಇವಳ ಕೈ ಹುಟ್ಟಿನಿಂದಲೇ ಮಡಕೆಯ ನೀರಿನ ಹಾಗೆ ತಣ್ಣಗೆ. ಗಂಡ ಚಳಿಗಾಲದಲ್ಲಿ "ದೂರ ಇರು ಮಾರಾಯ್ತಿ" ಎಂದು ಗೋಳಾಡುತ್ತಿದ್ದ ಕೈಗೆ ಇಂಥದೊಂದು ಬೆಲೆ ಇದೆಯೆಂದು ಅವಳಿಗೆ ಆವತ್ತೇ ಗೊತ್ತಾದದ್ದು.

ಅವಳು ಎಡಚಿ. ಮೇಸ್ತ್ರಿ ಬಾಯಿಗೆ ಬಂದಂತೆ ಬೈದರೂ ಅದೊಂದನ್ನು ತಿದ್ದಲಿಲ್ಲ. ಹಾಗಾಗಿ ಅವಳು ಸುತ್ತಿದ ಕ್ರೊಸಾಂನ ಒಂದು ತುದಿ ಉದ್ದ, ಒಂದು ತುದಿ ಮೊಂಡ. ಬಾಲ ಸದಾ ಎಡಕ್ಕೆ ವಾಲಿರುತ್ತಿತ್ತು. ಒಲೆಯ ಬಲಮೂಲೆಗೆ ಬಿಸಿ ಹೆಚ್ಚು. ಅಲ್ಲಿ ಬೆಂದವುಗಳ ತಳ ಒಂದು ಪಾಲು ಕಂದು ಜಾಸ್ತಿ. ದಿನಾ ಬರುವ ಗಿರಾಕಿಗಳು "ಪದರಕ್ಕಾ, ನಂಗೊಂದು ಸೊಟ್ಟಮೂತಿ ಕೊಡು" ಎಂದು ಕೇಳಿ ತಿನ್ನುತ್ತಿದ್ದರು. ಅವಳಿಗೆ ಅದು ಹೊಗಳಿಕೆಯೋ ಹೀಗಳಿಕೆಯೋ ಬಗೆಹರಿದಿರಲಿಲ್ಲ. ನಗುತ್ತ ಕೊಡುತ್ತಿದ್ದಳು, ಒಳಗೆ ಬಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು.

ಮೇಸ್ತ್ರಿ ತೀರಿಕೊಂಡ ವರ್ಷ ಕೆಫೆಯ ಯಜಮಾನಮ್ಮ ಒಂದು ದೊಡ್ಡ ಮನಸ್ಸು ಮಾಡಿದರು. "ಮುದುಕ ಬಿಟ್ಟುಹೋದದ್ದನ್ನೇ ಎಷ್ಟು ದಿನ ಅಂತ ತಿರುವಿಹಾಕ್ತೀಯ? ಹೋಗು, ಅಲ್ಲಿ ಹೆಂಗೆ ಮಾಡ್ತಾರೆ ಕಣ್ಣಾರೆ ನೋಡ್ಕೊಂಡು ಬಾ," ಎಂದು ಪದರಕ್ಕನನ್ನು ಹನ್ನೆರಡು ದಿನ ಫ್ರಾನ್ಸಿಗೆ ಕಳಿಸಿದರು. ಮೇಸ್ತ್ರಿಯ ತಮ್ಮನ ಮಗಳ ಮನೆಯಲ್ಲಿ ವಾಸ. ಪದರಕ್ಕ ಬೆಳಗಿನಿಂದ ಸಂಜೆಯವರೆಗೆ ಕೆಫೆ ಕೆಫೆ ಅಲೆದಳು. ನಿಂತುಕೊಂಡೇ ಬೊಗಸೆಯಷ್ಟೂ ಇಲ್ಲದ ಕಪ್ಪಿನಲ್ಲಿ ಕಾಫಿ ಕುಡಿದು ಓಡುವ ಜನ, ಬೀದಿಯ ಕಡೆಗೇ ಮುಖ ಮಾಡಿ ಹಾಕಿದ ಬೆತ್ತದ ಕುರ್ಚಿ, ಗಾಜಿನ ಹಿಂದೆ ಒಡವೆ ಅಂಗಡಿಯ ಹಾಗೆ ಜೋಡಿಸಿಟ್ಟ, ಚಾಕೊಲೇಟ್ ಸವರಿದ ಉದ್ದನೆಯ ಎಕ್ಲೇರು, ಹಣ್ಣಿನ ಟಾರ್ಟು, ಸಾವಿರ ಹಾಳೆಯ ಕೆನೆ ತಿಂಡಿ. ಮಧ್ಯಾಹ್ನ ಬಿಸ್ಟ್ರೊ ಎನ್ನುವ ಪುಟ್ಟ ಊಟದ ಮನೆಗಳಲ್ಲಿ ಇವತ್ತು ಏನಿದೆ ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಮೊಳಕೈ ತಾಗುವಷ್ಟು ಹತ್ತಿರ ಹತ್ತಿರ ಮೇಜು. ಈರುಳ್ಳಿ ಸೂಪಿನ ಮೇಲೆ ಕರಗಿದ ಚೀಸಿನ ಮುಚ್ಚಳ. ಒಂದು ಬೀದಿಯ ಸಣ್ಣ ಬೇಕರಿಯಲ್ಲಿ ಮೇಸ್ತ್ರಿಯಂಥದೇ ಇನ್ನೊಬ್ಬ ಮುದುಕ ಬೆಣ್ಣೆಯನ್ನು ಲಟ್ಟಣಿಗೆಯಲ್ಲಿ ಬಡಿಯುತ್ತಿದ್ದದ್ದನ್ನು ಕಂಡು ಅವಳಿಗೆ ಕಣ್ಣು ತುಂಬಿ ಬಂತು.

ಒಂಬತ್ತನೇ ದಿನ ಬೆಳಿಗ್ಗೆ ಆರಕ್ಕೆ, ಊರಿಗೇ ಹೆಸರಾದ ಒಂದು ದೊಡ್ಡ ಕೆಫೆಯ ಹಿಂದಿನ ಓಣಿಯಲ್ಲಿ ಹಾದುಹೋಗುವಾಗ ಅವಳು ಒಂದು ಲಾರಿ ನಿಂತಿದ್ದನ್ನು ಕಂಡಳು. ಲಾರಿಯ ಮೈಮೇಲೆ ಹಸಿರು ಬಾತುಕೋಳಿಯ ಚಿತ್ರ. ಬಾಗಿಲು ತೆರೆದರೆ ಹೊಗೆಯಂಥ ತಣ್ಣನೆ ಆವಿ. ಇಬ್ಬರು ಆಳುಗಳು ಡಬ್ಬಿ ಮೇಲೆ ಡಬ್ಬಿ ಇಳಿಸುತ್ತಿದ್ದರು. ಒಂದರ ಬಾಯಿ ಬಿಚ್ಚಿಕೊಂಡಿತ್ತು. ಒಳಗೆ ಕಲ್ಲಿನ ಹಾಗೆ ಹೆಪ್ಪುಗಟ್ಟಿದ ಕ್ರೊಸಾಂ, ಸಾಲಾಗಿ. ಅರ್ಧ ಗಂಟೆಯಾದ ಮೇಲೆ ಅವಳು ಮುಂಬಾಗಿಲಿನಿಂದ ಹೋಗಿ ಕೂತು ಒಂದು ತರಿಸಿ ತಿಂದಳು. ಚೆನ್ನಾಗಿತ್ತು. ಮೇಸ್ತ್ರಿಯ ಆಣೆ, ಚೆನ್ನಾಗಿತ್ತು! ಆಮೇಲೆ ಅದೇ ಬಾತುಕೋಳಿಯ ಡಬ್ಬಿ ಇನ್ನೂ ನಾಲ್ಕು ಕೆಫೆಯ ಹಿತ್ತಲಲ್ಲಿ ಕಣ್ಣಿಗೆ ಬಿತ್ತು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಹತ್ತಿರ ಹೋದವಳಿಗೆ ಕಲ್ಲು ಕಂಡಿತ್ತು.

ವಾಪಸ್ ಬಂದ ದಿನ ಯಜಮಾನಮ್ಮ ಎದುರಿಗೆ ಕೂರಿಸಿಕೊಂಡು, "ಹೇಳು, ಅಲ್ಲಿ ಹೆಂಗೆ?" ಎಂದು ಕೇಳಿದರು. ಪದರಕ್ಕ ಎಕ್ಲೇರಿನ ಕಥೆ ಹೇಳಿದಳು, ಸೂಪಿನ ಕಥೆ ಹೇಳಿದಳು, ಬೆಣ್ಣೆ ಬಡಿಯುವ ಮುದುಕನ ಕಥೆ ಹೇಳಿದಳು. ಲಾರಿಯ ಕಥೆ ನಾಲಿಗೆಯ ತುದಿಗೆ ಬಂದು ನಿಂತಿತು. ಅದು ಆಚೆ ಬಂದರೆ ಈ ಅಮ್ಮ ನಾಳೆಯೇ ಡಬ್ಬಿ ತರಿಸಿದರೆ? ತಾನು ಮತ್ತೆ ಕಪ್ಪು ತೊಳೆಯುವ ತೊಟ್ಟಿಗೆ ಹೋಗುವುದೇ? ಹೆದರಿಕೆಯಿಂದ ಅವಳ ಬಾಯಿ ತಾನಾಗಿ ಹೇಳಿತು: "ಅಲ್ಲಿ ಎಲ್ಲಾ ಕೈಯಲ್ಲೇ ಅಮ್ಮಾ. ನಾವು ಮಾಡೋ ಹಾಗೇನೇ." ಯಜಮಾನಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಾರದೊಳಗೆ ಕೆಫೆಯ ಮುಂದೆ ಹೊಸ ಬೋರ್ಡು ಎದ್ದಿತು: 'ಅಲ್ಲಿಯ ಹಾಗೆಯೇ, ಕೈಯಿಂದಲೇ.' ಹನ್ನೊಂದು ವರ್ಷ ದಿನಾ ಆ ಬೋರ್ಡಿನ ಕೆಳಗೆ ತಲೆ ತಗ್ಗಿಸಿಕೊಂಡು ಒಳಗೆ ಬರುವುದು ಪದರಕ್ಕನಿಗೆ ಅಭ್ಯಾಸವಾಗಿಹೋಯಿತು.

ಹೋದ ವರ್ಷ ಯಜಮಾನಮ್ಮನ ಅಳಿಯ ಕೆಫೆಗೆ ಬಂದು ಸೇರಿಕೊಂಡ. ಪಾಲುದಾರ ಎಂದೂ ಅನ್ನಲಿಲ್ಲ, ಮ್ಯಾನೇಜರ್ ಎಂದೂ ಅನ್ನಲಿಲ್ಲ, "ಸ್ವಲ್ಪ ನೋಡಿಕೊಳ್ಳಲಿ" ಅಂದರು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಆಸಾಮಿ ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಪದರಕ್ಕ ಮನಸಾರೆ ಬೈದುಕೊಂಡು ಹಗುರಾಗುತ್ತಿದ್ದಳು. ಅವನು ಮೂರು ತಿಂಗಳು ಮೂಲೆಯಲ್ಲಿ ಕೂತು ನೋಡಿದ. ಬೆಳಿಗ್ಗೆ ಜಾಗವಿಲ್ಲದೆ ಜನ ಫುಟ್‌ಪಾತಿನಲ್ಲಿ ನಿಂತು ನಿಂತು ಎದುರಿನ ಹೋಟೆಲಿಗೆ ಹೋಗುವುದನ್ನು ನೋಡಿದ. ಮಧ್ಯಾಹ್ನ ಮೇಜುಗಳು ಖಾಲಿ ಹೊಡೆಯುವುದನ್ನೂ ನೋಡಿದ. ಕೊನೆಗೆ ಅತ್ತೆಯ ಮುಂದೆ ಮಾತು ತೆಗೆದ: ಹಿಂದಿನ ಒಲೆಕೋಣೆ ಕೆಫೆಯ ಅರ್ಧದಷ್ಟಿದೆ, ಅದನ್ನು ಒಡೆದರೆ ಆರು ಮೇಜು, ಮಧ್ಯಾಹ್ನಕ್ಕೆ ಸೂಪು ಆಮ್ಲೆಟ್ಟಿನ ಸಣ್ಣ ಬಿಸ್ಟ್ರೊ, ಕ್ರೊಸಾಂ ಫ್ರಾನ್ಸಿನಿಂದಲೇ ತರಿಸಿ ಇಪ್ಪತ್ತು ನಿಮಿಷ ಕಾಯಿಸಿದರೆ ಆಯಿತು. ಮಾದರಿಗೆಂದು ಒಂದು ಡಬ್ಬಿಯನ್ನೂ ತರಿಸಿ ಮೇಜಿನ ಮೇಲಿಟ್ಟ. ಡಬ್ಬಿಯ ಮೇಲೆ ಹಸಿರು ಬಾತುಕೋಳಿ.

ಕಾಫಿ ಮಾಡುವವನು ನಕ್ಕ, ಗಲ್ಲಾಪೆಟ್ಟಿಗೆಯ ಮುಂದೆ ಕೂತವಳು ನಕ್ಕಳು. "ಡಬ್ಬಿ ಮಾಲು ನಮ್ಮ ಪದರಕ್ಕನ ಮುಂದೆ ನಿಲ್ಲುತ್ತಾ?" ಎಂದು ಎಲ್ಲರೂ ಗೇಲಿ ಮಾಡಿದರು. ಪದರಕ್ಕನೊಬ್ಬಳಿಗೆ ನಗು ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಆ ಬಾತುಕೋಳಿಯಿಂದ ಕಣ್ಣು ತಪ್ಪಿಸಿ ನಿಂತಳು. ಆ ಡಬ್ಬಿಯೊಳಗಿನದು ಎಷ್ಟು ಚೆನ್ನಾಗಿರುತ್ತದೆ ಎಂದು ಇಡೀ ಕೆಫೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ.

ಯಜಮಾನಮ್ಮ ಯೋಚನೆ ಮಾಡಿ ಷರತ್ತು ಹಾಕಿದರು. "ರುಚಿ ಯಾವುದು ಹೆಚ್ಚು ಅಂತ ನಾನು ಕೇಳಲ್ಲ. ನಾಲಿಗೆ ಒಬ್ಬೊಬ್ಬರದು ಒಂದೊಂದು ಥರ. ನಮ್ಮ ಮನೆ ಕೈ ಜನಕ್ಕೆ ಗುರುತು ಸಿಗುತ್ತಾ ಇಲ್ವಾ, ಅದು ನೋಡೋಣ. ಗುರುತೇ ಸಿಗದಿದ್ದ ಮೇಲೆ ಆ ಕೋಣೆ ಇಟ್ಕೊಂಡು ಏನು ಮಾಡೋದು?" ಮಾತು ಬಿಡಿಸಿ ಬಿಡಿಸಿ ಹೇಳಿದರು. ಪದರಕ್ಕ ತಲೆಯಾಡಿಸಿದಳು. ಆದರೆ ಕೇಳಿದ್ದೇ ಒಂದು, ಅವಳ ಎದೆಯೊಳಗೆ ಇಳಿದದ್ದೇ ಇನ್ನೊಂದು. ಬಾತುಕೋಳಿಯನ್ನು ಸೋಲಿಸಬೇಕು. ಅದು ಬಿಟ್ಟರೆ ಬೇರೆ ಯಾವ ಯೋಚನೆಯೂ ಅವಳ ತಲೆಯಲ್ಲಿ ನಿಲ್ಲಲಿಲ್ಲ.

ಶನಿವಾರ ಕಣಕ ಕಲಸಿದಳು. ಎಂದೂ ಬಳಸದ ಅಳತೆಪಟ್ಟಿಯನ್ನು ಗಂಡನ ಅಂಗಡಿಯಿಂದ ತಂದಿದ್ದಳು. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ. ಭಾನುವಾರ ಮಧ್ಯಾಹ್ನ ಹಾಳೆಯನ್ನು ನೂಲು ಹಿಡಿದಂತೆ ಕತ್ತರಿಸಿದಳು. ಎಡಗೈಯಲ್ಲಿ ಸುತ್ತಿದರೆ ಬಾಲ ವಾಲುತ್ತದೆಂದು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಬಲಗೈಯಲ್ಲಿ ಸುತ್ತಿದಳು. ಬೆರಳು ಮಾತು ಕೇಳಲಿಲ್ಲ. ಮೊದಲ ಎಂಟು ಕೆಟ್ಟವು, ಬದಿಗೆ ಸರಿಸಿದಳು. ಬೆನ್ನು ಬೆವರುತ್ತಿತ್ತು. ಮೂವತ್ತೆರಡು ಸುತ್ತಿ, ಅದರಲ್ಲಿ ಹನ್ನೆರಡನ್ನು ಆರಿಸಿದಳು. ಒಂದರ ಪಕ್ಕ ಒಂದು ಇಟ್ಟರೆ ಅವಳಿ ಜವಳಿ ಮಕ್ಕಳ ಹಾಗೆ ಇದ್ದವು.

ಸಂಜೆ ಮನೆಗೆ ಬಂದು ಅಳತೆಪಟ್ಟಿ ವಾಪಸ್ ಕೊಟ್ಟಾಗ ಗಂಡ ಯಂತ್ರ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದ.

"ಇದು ನಿಂಗೆ ಯಾಕೆ ಬೇಕಾಯ್ತೇ? ನೀನು ಯಾವತ್ತೂ ಕಣ್ಣಳತೇಲಿ ಮಾಡೋಳು."

"ಈ ಸಲ ಸ್ವಲ್ಪ ನೀಟಾಗಿ ಮಾಡ್ದೆ ರೀ. ಅಲ್ಲಿ ತಿಂದಿದ್ನಲ್ಲ, ಅದನ್ನೂ ಮೀರಿಸ್ಬೇಕು."

"ನೋಡು, ನಂಗೆ ನಿನ್ನ ಕೆಲಸ ಗೊತ್ತಿಲ್ಲ. ನನ್ನದು ಹೇಳ್ತೀನಿ. ಹಳೇ ಗಿರಾಕಿ ಬಟ್ಟೆ ತಂದಾಗ ನಾನು ಹೊಸ ಫ್ಯಾಷನ್ ಹೊಲಿದುಕೊಟ್ರೆ ಅವರು ಕನ್ನಡೀಲಿ ನೋಡ್ಕೊಂಡು ಇದು ನಂದಲ್ಲ ಅಂತಾರೆ. ಅಳತೆ ಬದಲಾಯಿಸ್ಬೇಡ."

"ಕೋಣೆ ಹೋಗೋದು ನಂದು. ನಿಮ್ಮ ಜೇಬು ಕಾಲರ್ ಕಥೆ ಕಟ್ಕೊಂಡು ನಂಗೇನಾಗ್ಬೇಕು?" ಎಂದು ಅವಳು ಸಿಡುಕಿದಳು. ಸಿಡುಕಿದ ಮೇಲೆ ಪಾಪ ಅನ್ನಿಸಿತು. ಆದರೂ ಕ್ಷಮೆ ಕೇಳುವಷ್ಟು ಜೀವ ಅವಳಲ್ಲಿ ಉಳಿದಿರಲಿಲ್ಲ. ಗಂಡ ಮತ್ತೆ ಯಂತ್ರ ತುಳಿಯತೊಡಗಿದ.

ಸೋಮವಾರ ಒಲೆಯ ಮುಂದೆ ಅವಳು ಮುಳ್ಳಿನ ಮೇಲೆ ನಿಂತಂತೆ ನಿಂತಿದ್ದಳು. ಮೊಟ್ಟೆಯ ಹಳದಿಯನ್ನು ಒಂದು ಸಲ ಸವರುವಲ್ಲಿ ಎರಡು ಸಲ ಸವರಿದಳು. ಎಂಟನೇ ನಿಮಿಷಕ್ಕೆ ಟ್ರೇ ತಿರುಗಿಸಿದಳು, ಹದಿಮೂರಕ್ಕೆ ಮತ್ತೆ ತಿರುಗಿಸಿದಳು. ಬಾಗಿಲು ತೆಗೆದಾಗ ಹೊರಬಂದದ್ದನ್ನು ಕಂಡು ಅವಳಿಗೇ ಮೈ ಜುಮ್ಮೆಂದಿತು. ಎಲ್ಲ ಒಂದೇ ಬಣ್ಣ, ಒಂದೇ ಬಾಗು, ಪದರ ಪದರವನ್ನು ಎಣಿಸಬಹುದು. ಒಂದನ್ನು ಮುರಿದು ಬಾಯಿಗಿಟ್ಟಳು. ಇಷ್ಟು ಒಳ್ಳೆಯದನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. "ಬಾ ಬಾತುಕೋಳಿ," ಎಂದುಕೊಂಡಳು.

ಅತ್ತ ಮುಂದಿನ ಕೌಂಟರಿನಲ್ಲಿ ಅಳಿಯ ತನ್ನ ಪುಟ್ಟ ಕರೆಂಟ್ ಒಲೆಯ ಜೊತೆ ಒದ್ದಾಡುತ್ತಿದ್ದ. ಹೊಸ ಒಲೆ, ಹೊಸ ಕೈ. ಅವನ ಕ್ರೊಸಾಂಗಳ ಒಂದು ಮಗ್ಗುಲು ಕಂದಿಹೋಗಿತ್ತು. ಡಬ್ಬಿಯಿಂದ ತೆಗೆಯುವಾಗ ಒಂದಕ್ಕೊಂದು ಅಂಟಿಕೊಂಡಿದ್ದನ್ನು ಕಿತ್ತಿದ್ದರಿಂದ ತುದಿಗಳು ಅಡ್ಡಾದಿಡ್ಡಿ. ಅವನು ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡ. ಕದದ ಸಂದಿಯಿಂದ ನೋಡುತ್ತಿದ್ದ ಪದರಕ್ಕನಿಗೆ ಗೆದ್ದೇಬಿಟ್ಟೆ ಅನ್ನಿಸಿತು.

ಒಂಬತ್ತಾಯಿತು. ಹತ್ತು ಮಂದಿಯೂ ಎರಡು ಉದ್ದ ಮೇಜಿಗೆ ಕೂತರು. ಹದಿನೆಂಟು ವರ್ಷದಿಂದ ಅದೇ ಕಿಟಕಿಯ ಪಕ್ಕ ಪತ್ರಿಕೆ ಹರಡಿಕೊಂಡು ಕೂರುವ ಪೇಪರ್ ತಾತ, ನಿವೃತ್ತ ಗಣಿತದ ಟೀಚರಮ್ಮ, ಅಂಚೆಯಣ್ಣ, ಹೀಗೆ ಎಲ್ಲ ನಿತ್ಯದ ಮುಖಗಳು. ಯಜಮಾನಮ್ಮನ ಮಗಳು ಒಳಗಿನಿಂದ ತಟ್ಟೆ ತಂದು ಇಟ್ಟಳು. ಪದರಕ್ಕನದು ನೀಲಿ ತಟ್ಟೆಗೆ ಬಂತು. ಯಜಮಾನಮ್ಮ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ಎರಡೂ ತಿನ್ನಿ. ನಮ್ಮ ಮನೇದು ಯಾವುದು ಅನ್ಸುತ್ತೋ ಅದರ ಬಣ್ಣ ಬರೀರಿ," ಅಂದರು. ಪದರಕ್ಕ ಒಲೆಕೋಣೆಯ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಳು.

ಪೇಪರ್ ತಾತ ನೀಲಿ ತಟ್ಟೆಯದನ್ನು ಮೊದಲು ಮುರಿದರು. ಚರಚರನೆ ಸದ್ದಾಗಿ ಪುಡಿ ಗಡ್ಡದ ಮೇಲೆಲ್ಲ ಉದುರಿತು. ಕಣ್ಣು ಮುಚ್ಚಿ ಜಗಿದರು.

"ಆಹಾಹಾ! ಏನು ರೀ ಇದು! ಬಾಯಲ್ಲಿಟ್ರೆ ಕರಗುತ್ತಲ್ಲ!"

ಪದರಕ್ಕನ ಮುಖ ಅರಳಿತು.

"ಇದು ಖಂಡಿತ ಹೊರದೇಶದ್ದು," ಎಂದರು ತಾತ. "ನಮ್ಮ ಪದರಕ್ಕಂದು ಇಷ್ಟು ನೆಟ್ಟಗೆ ಎಲ್ಲಿರುತ್ತೆ?"

"ಅದೇ ಮತ್ತೆ," ಎಂದು ಟೀಚರಮ್ಮ ಬಿಳಿ ತಟ್ಟೆಯದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ನೋಡಿ, ಒಂದು ಕಡೆ ಸೀದಿದೆ, ಮೂತಿ ಸೊಟ್ಟ. ರುಚಿ ಅದರಷ್ಟಿಲ್ಲ ಬಿಡಿ. ಆದ್ರೂ ನಮ್ಮದು ಅಂದ್ರೆ ನಮ್ಮದೇ. ಪಾಪ, ಅವಳ ಕೈ ಬಿಟ್ಕೊಡೋಕಾಗುತ್ತಾ?" ಎಂದು ಪ್ರೀತಿಯಿಂದ ಬರೆದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಟ್ಟಿದವರು ಯಾರೋ, ಅವರು ಆ ಹೊತ್ತು ಆ ಬಾಗಿಲಲ್ಲಿ ನಿಲ್ಲಬೇಕಿತ್ತು. ಪದರಕ್ಕನಿಗೆ ಓಡಿಹೋಗಿ "ನೀಲಿ ನಂದು! ನೀಲಿ ನಂದು!" ಎಂದು ಕೂಗಬೇಕು ಅನ್ನಿಸಿತು. ಬಾಯಿ ತೆರೆದರೆ ಪರೀಕ್ಷೆ ಕೆಡುತ್ತದೆ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಷ್ಟರಲ್ಲಿ ಚೀಟಿಗಳೆಲ್ಲ ಯಜಮಾನಮ್ಮನ ಕೈ ಸೇರಿದವು. ಅವರು ಒಂದೊಂದೇ ಬಿಡಿಸಿ ಓದಿದರು. ಬಿಳಿ ಏಳು. ನೀಲಿ ಮೂರು.

ಯಜಮಾನಮ್ಮ ಚೀಟಿಗಳನ್ನು ಇನ್ನೊಂದು ಸಲ ಎಣಿಸಿದರು. ಆಮೇಲೆ ತಟ್ಟೆಗಳ ಗುಟ್ಟು ಬಿಚ್ಚಿದರು. ಮೇಜುಗಳಲ್ಲಿ "ಅಯ್ಯೋ" ಎಂಬ ಸದ್ದು ಎದ್ದಿತು. ಪೇಪರ್ ತಾತ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತರು. ಅಳಿಯ ಕರವಸ್ತ್ರ ಮಡಿಸುತ್ತ ನಿಂತಿದ್ದ. ಗೆದ್ದವನ ಮುಖವೂ ಅಲ್ಲ ಅದು.

ಇದ್ದಕ್ಕಿದ್ದಂತೆ ಯಜಮಾನಮ್ಮನ ಮುಖ ಬೆಳಗಿತು.

"ತಡೀರಿ, ತಡೀರಿ. ನಾನು ಕೇಳಿದ ಪ್ರಶ್ನೆನೇ ತಪ್ಪು. ಚೆನ್ನಾಗಿರೋದು ಫ್ರಾನ್ಸಿಂದು ಅಂದ್ಕೊಂಡು ಏಳು ಜನ ತೋರಿಸಿದ್ದು ಯಾರದ್ದನ್ನ? ನಮ್ಮ ಪದರಕ್ಕಂದನ್ನ! ಅಲ್ಲೀದು ಅಂದ್ರೆ ಹೆಂಗಿರ್ಬೇಕೋ ಹಂಗಿದೆ ಇವಳದು. ಯಾಕಂದ್ರೆ ಅಲ್ಲಿ ಎಲ್ಲಾ ಕೈಯಲ್ಲೇ ಮಾಡ್ತಾರೆ. ಇವಳೇ ಕಣ್ಣಾರೆ ನೋಡ್ಕೊಂಡು ಬಂದಿದ್ದಾಳೆ, ಬೋರ್ಡ್ ಕೂಡ ಹಾಕ್ಸಿದ್ದೀನಿ. ಈ ಡಬ್ಬಿ ಗಿಬ್ಬಿ ಎಲ್ಲ ನಮ್ಮಂಥ ದಡ್ಡರ ತಲೆಗೆ ಕಟ್ಟೋಕೆ." ಅಳಿಯನ ಕಡೆ ತಿರುಗಿದರು. "ಅಳಿಯಂದ್ರೇ, ನಿಮಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ!"

ತಪ್ಪು ಮಾಡಿ ಮುಜುಗರದಲ್ಲಿದ್ದ ಏಳು ಮಂದಿಗೆ ನಗುವುದಕ್ಕೊಂದು ನೆಪ ಬೇಕಿತ್ತು. ಎಲ್ಲರೂ ಘೊಳ್ಳೆಂದು ನಕ್ಕರು. ಅಳಿಯನ ಕಿವಿ ಕೆಂಪಾಯಿತು.

"ಇಲ್ಲ ಅತ್ತೆ. ಅಲ್ಲೂ ತುಂಬಾ ಕೆಫೆಗಳಲ್ಲಿ ಇದನ್ನೇ ಮಾರ್ತಾರೆ. ವಿಚಾರಿಸಿದ್ದೀನಿ."

"ಯಾರನ್ನ ವಿಚಾರಿಸಿದ್ರಿ? ಡಬ್ಬಿ ಮಾರೋನನ್ನಾ?"

ಮತ್ತೆ ನಗು. ಅಂಚೆಯಣ್ಣ ಮೇಜು ತಟ್ಟಿದ. ಕಾಫಿ ಮಾಡುವವನು ಶಿಳ್ಳೆ ಹಾಕಿದ. ಬಾಗಿಲ ಬಳಿ ನಿಂತಿದ್ದ ಅಳಿಯನ ಹೆಂಡತಿ ತಲೆ ತಗ್ಗಿಸಿದಳು.

"ಅಕ್ಕ ಹೋಗಿ ಬಂದಿದ್ದಾರಲ್ಲ," ಎಂದ ಅಳಿಯ ತಗ್ಗಿದ ದನಿಯಲ್ಲಿ. "ಅಕ್ಕನ್ನೇ ಕೇಳಿ."

ಎಲ್ಲರ ಮುಖವೂ ಒಲೆಕೋಣೆಯ ಬಾಗಿಲಿಗೆ ತಿರುಗಿತು. ಪದರಕ್ಕ ಸುಮ್ಮನಿದ್ದರೆ ಸಾಕಿತ್ತು. ಒಂದು ಸಲ ತಲೆಯಾಡಿಸಿದರೆ ಕೋಣೆ ಅವಳದು, ಒಲೆ ಅವಳದು. ಹದಿನೆಂಟು ವರ್ಷ ಯಾರ ಬಾಯಿಂದಲೂ ಬಾರದ ಹೊಗಳಿಕೆ ಬಿಟ್ಟಿಯಾಗಿ ಎದುರಿಗೆ ಬಂದು ನಿಂತಿತ್ತು. ಯಜಮಾನಮ್ಮ ಅವಳನ್ನು ಹೆತ್ತ ಮಗಳನ್ನು ನೋಡುವ ಹಾಗೆ ನೋಡುತ್ತಿದ್ದರು. ಪದರಕ್ಕ ಅಳಿಯನ ಕಡೆ ನೋಡಿದಳು. ನಿಜ ಹೇಳಿ ನಗೆಪಾಟಲಾಗಿ ನಿಂತ ಮನುಷ್ಯ. ಅವನ ಕೆಂಪು ಕಿವಿ ಅವಳ ಕಣ್ಣಿಗೆ ಚುಚ್ಚಿತು. ನಾಚಿಕೆಯಾಯಿತು, ಅವನಿಗಾಗಿ ಅಲ್ಲ, ತನಗಾಗಿ.

"ಇಲ್ಲ ಅಮ್ಮಾ," ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. "ಅವರು ಹೇಳ್ತಿರೋದು ನಿಜ. ಅಲ್ಲೂ ಲಾರಿ ಬರುತ್ತೆ. ಇದೇ ಬಾತುಕೋಳಿ ಲಾರಿ. ದೊಡ್ಡ ದೊಡ್ಡ ಕೆಫೆಗೇ ಬರುತ್ತೆ, ನಾನು ನೋಡಿದ್ದೀನಿ. ತಿಂದೂ ನೋಡಿದ್ದೀನಿ. ಕೈಯಲ್ಲಿ ಮಾಡೋರು ಇದ್ದಾರೆ, ಇಲ್ಲ ಅನ್ನಲ್ಲ. ಎಲ್ಲಾರೂ ಅಲ್ಲ."

ನಗು ನಿಂತಿತು.

"ಆವತ್ತು ನೀನು ಹೇಳಿದ್ದು?"

"ಸುಳ್ಳು. ಹೇಳಿದ್ರೆ ನೀವು ಕೋಣೆ ಮುಚ್ಚಿಬಿಡ್ತೀರ ಅಂತ ಹೆದರಿದ್ದೆ."

"ಹನ್ನೊಂದು ವರ್ಷ," ಎಂದರು ಯಜಮಾನಮ್ಮ. "ಬೋರ್ಡ್ ಹಾಕಿಸಿ, ಬಂದೋರಿಗೆಲ್ಲ ಹೇಳ್ಕೊಂಡು ತಿರುಗಿದೆನಲ್ಲೇ. ಎಲ್ಲರ ಮುಂದೆ ಈಗಷ್ಟೇ ಅಳಿಯನ್ನ ಆಡ್ಕೊಂಡೆನಲ್ಲೇ." ಬೈದಿದ್ದರೆ ಪದರಕ್ಕ ತಡೆದುಕೊಳ್ಳುತ್ತಿದ್ದಳು. ಮೇಸ್ತ್ರಿಯ ಕೈಕೆಳಗೆ ಬೈಗುಳಕ್ಕೆ ಮೈ ಒಗ್ಗಿತ್ತು. ಅವರು ಬೈಯಲಿಲ್ಲ. ಚೀಟಿಗಳನ್ನು ಮತ್ತೆ ಮಡಿಸಿ ಒಟ್ಟುಮಾಡಿದರು. "ಷರತ್ತು ಷರತ್ತೇ. ಹತ್ತರಲ್ಲಿ ಮೂರು. ಈ ತಿಂಗಳ ಕೊನೆಗೆ ಗೋಡೆ ಒಡೀಲಿ," ಎಂದು ಎದ್ದು ಮಹಡಿ ಹತ್ತಿ ಹೋದರು.

ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಪದರಕ್ಕ ಒಳಗೆ ಬಂದು ಮೇಜು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಅಳಿಯ ಬಾಗಿಲಲ್ಲಿ ಬಂದು ನಿಂತ.

"ನೀವು ಸುಮ್ಮನಿದ್ದಿದ್ರೆ ಆಗ್ತಿತ್ತು ಅಕ್ಕಾ."

"ಹೂಂ ಸಾರ್, ಆಗ್ತಿತ್ತು."

"ಕೆಲಸ ಬಿಡ್ಬೇಡಿ. ಬೆಳಿಗ್ಗೆ ಡಬ್ಬೀದು ಕಾಯಿಸೋಕೆ ಒಬ್ಬರು ಬೇಕೇ ಬೇಕು. ನಂಗಂತೂ ಆ ಒಲೆ ಬಗ್ಗಲಿಲ್ಲ, ನೋಡಿದ್ರಲ್ಲ. ಸಂಬಳ ಅಷ್ಟೇ ಇರುತ್ತೆ."

ಅವನು ಮನಸಾರೆ ಹೇಳಿದ ಮಾತು ಎಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ನೋವಾಯಿತು. "ಯೋಚನೆ ಮಾಡ್ತೀನಿ ಸಾರ್," ಅಂದಳು. ಯೋಚಿಸುವುದಕ್ಕೆ ಏನೂ ಇರಲಿಲ್ಲ. ಬೆಣ್ಣೆ ಮುಟ್ಟದ ಕೆಲಸಕ್ಕೆ ಆ ತಣ್ಣನೆ ಕೈ ಯಾಕೆ ಬೇಕು? ಅವನು ಹೋದ.

ಅವನ ಹಿಂದೆಯೇ ಪೇಪರ್ ತಾತ ಬಂದರು. ಹದಿನೆಂಟು ವರ್ಷದಲ್ಲಿ ಅವರು ಒಲೆಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಮಡಿಸಿದ ಪತ್ರಿಕೆಯನ್ನು ಎದೆಗೆ ಅವುಚಿಕೊಂಡು, ಎಲ್ಲಿ ನಿಲ್ಲಬೇಕು ತಿಳಿಯದೆ ತೊಟ್ಟಿಯ ಪಕ್ಕ ನಿಂತರು. ಗಡ್ಡದಲ್ಲಿ ಪುಡಿ ಇನ್ನೂ ಹಾಗೇ ಇತ್ತು.

"ನನ್ನಿಂದ ತಪ್ಪಾಯ್ತಮ್ಮ. ದಿನಾ ತಿಂದೋನು ನಾನು. ನಿನ್ನ ಕೈ ನಂಗೇ ಗೊತ್ತಾಗ್ಲಿಲ್ಲ ಅಂದ್ರೆ..." ಪತ್ರಿಕೆಯನ್ನು ಇನ್ನೊಂದು ಮಡಿಕೆ ಮಡಿಸಿದರು. "ಮೊದಲು ಕೂಗಿದೋನೇ ನಾನು. ನನ್ನ ನೋಡಿ ಉಳಿದೋರು ಬರೆದ್ರು."

ಪದರಕ್ಕ ಒರೆಸುವ ಬಟ್ಟೆಯನ್ನು ಕೆಳಗಿಟ್ಟಳು.

"ನೀವು ಸರಿಯಾಗೇ ಹೇಳಿದ್ರಿ ತಾತ. ಅದು ನಂದಲ್ಲ. ಬಲಗೈಲಿ ಸುತ್ತಿದ್ದೆ, ಪಟ್ಟಿ ಇಟ್ಟು ಕೊಯ್ದಿದ್ದೆ, ಎರಡೆರಡು ಸಲ ಟ್ರೇ ತಿರುಗಿಸಿದ್ದೆ. ಹದಿನೆಂಟು ವರ್ಷದಲ್ಲಿ ಅಂಥದ್ದು ಒಂದಿನಾನೂ ನಿಮಗೆ ಕೊಟ್ಟಿರಲಿಲ್ಲ. ಕೊಟ್ಟಿರದೇ ಇದ್ದದ್ದನ್ನ ನಂದು ಅಂತ ಹೆಂಗೆ ಗುರುತು ಹಿಡೀತೀರಿ? ನನ್ನದನ್ನ ನಾನೇ ನಿಮ್ಮ ತಟ್ಟೆಗೆ ಹಾಕ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ಅರ್ಥವಾಯಿತು. ಮೇಜಿನ ಅಂಚು ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು. ತಾತ ಪತ್ರಿಕೆಯನ್ನು ತೊಟ್ಟಿಯ ಮೇಲಿಟ್ಟು, ಅವಳ ಅಳು ಮುಗಿಯುವವರೆಗೆ ಅಲ್ಲೇ ನಿಂತಿದ್ದರು.